ಅಪ್ಪಣೆ ಕೇಳಿದ ಸಾವು, ಕೇಳುವವರಿಲ್ಲದ ಸಾವು

ಕಳೆದ ಕಾರ್ತಿಕ ಮಾಸದ ಮೊದಲ ವಾರದಲ್ಲಿ ನಮ್ಮ ಸಂಘದ ಸಭಾಗೃಹದಲ್ಲಿ ಒಂದು ಸಂತಾಪ ಸಭೆ ಜರುಗಿತು. ತೀರಿಕೊಂಡವನು ಇಪ್ಪತ್ತಾರು ವರ್ಷದ ತರುಣ. ನಮ್ಮ ಉತ್ತರ ಕರ್ನಾಟಕದವನೇ. ಹಿಂಜವಡಿಯ ಕಂಪನಿಯೊಂದರಲ್ಲಿ ನೌಕರಿ, ವಾಕಡದಲ್ಲಿ ಇಬ್ಬರು ಗೆಳೆಯರೊಡನೆ ಬಾಡಿಗೆಯ ವಸತಿ. ದೀಪಾವಳಿಗೆಂದು ಗೆಳೆಯರಿಬ್ಬರೂ ಊರಿಗೆ ಹೋದರು. ಇವನು ಕೆಲಸದ ನೆಪ ಹೇಳಿ ಉಳಿದುಕೊಂಡ. ಅವರು ಮರಳಿ ಬರುವಷ್ಟರಲ್ಲಿ ತನ್ನ ಬದುಕನ್ನು ತಾನೇ ಮುಗಿಸಿಕೊಂಡಿದ್ದ. ತಂದೆ ಊರಿನಿಂದ ಬಂದು ತಲುಪುವತನಕ ಆಸ್ಪತ್ರೆಯ ಹೊರಗೆ ನಿಂತವರು, ಪೋಲೀಸು ಠಾಣೆಯ ಕಾಗದಪತ್ರಗಳಿಗೆ ಓಡಾಡಿದವರು, ಶವವನ್ನು ಊರಿಗೆ ಸಾಗಿಸಲು ವಾಹನ ಗೊತ್ತುಮಾಡಿದವರು ನಮ್ಮ ಸಂಘದ ನಾಲ್ಕಾರು ಜನ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ.

ಸಭೆಯಲ್ಲಿ ಮೂರು ಬಗೆಯ ಮಾತುಗಳು ಕೇಳಿಬಂದವು. ಹಿರಿಯರೊಬ್ಬರು, ಆತ್ಮಹತ್ಯೆ ಮಹಾಪಾಪವೆಂದು ಶಾಸ್ತ್ರಗಳು ಸಾರಿವೆ, ಈಗಿನ ಪೀಳಿಗೆಗೆ ಆ ಸಂಸ್ಕಾರವೇ ಇಲ್ಲವೆಂದರು. ಇನ್ನೊಬ್ಬರು, ಜ್ಞಾನೇಶ್ವರರೂ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಇಲ್ಲಿಯೇ ಆಳಂದಿಯಲ್ಲಿ ದೇಹ ಬಿಟ್ಟರಲ್ಲವೇ, ಯಾರ ಯೋಗ ಯಾರು ಬಲ್ಲರು ಎಂದರು. ಮೂರನೆಯವರು ವಕೀಲರು; ಸಲ್ಲೇಖನ ಪುಣ್ಯ, ಇದು ಪಾಪ, ಈ ಭೇದಕ್ಕೆ ಆಧಾರವೇನೆಂದು ಪ್ರಶ್ನಿಸಿದರು. ಆ ಹುಡುಗನ ತಂದೆ ಅಲ್ಲಿರಲಿಲ್ಲ, ಇಲ್ಲದ್ದೇ ಒಳ್ಳೆಯದಾಯಿತು.

ನಾನು ಅಂದು ಮಾತಾಡಲಿಲ್ಲ. ಮಾತಾಡುವ ಯೋಗ್ಯತೆ ನನಗಿರಲಿಲ್ಲ. ಹಿಂದಿನ ವರ್ಷದ ರಾಜ್ಯೋತ್ಸವದ ದಿನ ಅದೇ ಸಭಾಗೃಹದ ಬಾಗಿಲಲ್ಲಿ ಆ ಹುಡುಗ ನನ್ನನ್ನು ತಡೆದು, "ಕಾಕಾ, ನೀವು ಸಂಘದಾಗ ದಿನಾ ಸಿಗತೀರೇನ್ರಿ?" ಎಂದು ಕೇಳಿದ್ದ. ನನ್ನ ಕೈಯಲ್ಲಿ ಹಾರ ತುರಾಯಿಗಳಿದ್ದವು. ಅತಿಥಿಗಳ ಕಾರು ಬಂದಿತ್ತು. "ರವಿವಾರ ಬಾ ತಮ್ಮಾ, ಇವತ್ತ ಭಾಳ ಗಡಿಬಿಡಿ ಅದ" ಎಂದೆ. ಅವನು ಬರಲಿಲ್ಲ, ನಾನು ನೆನೆಸಲಿಲ್ಲ. ಅವನು ಏನು ಕೇಳಬೇಕೆಂದಿದ್ದನೋ ಈಗ ತಿಳಿಯುವಂತಿಲ್ಲ. ಬಹುಶಃ ಯಾವುದೋ ಸಣ್ಣ ಕೆಲಸವಿದ್ದಿರಬಹುದು. ಒಂದು ಮಾತಿನಿಂದ ಒಂದು ಜೀವ ಉಳಿಯುತ್ತಿತ್ತೆಂಬ ಅಹಂಕಾರವೂ ನನಗಿಲ್ಲ. ಆದರೂ ಆ ಮೂರು ಮಾತುಗಳಿಗೆ ಉತ್ತರ ಹುಡುಕುವುದು ನನ್ನ ಪಾಲಿಗೆ ಬಂದ ಕರ್ತವ್ಯವೆನಿಸಿತು. ಈ ಲೇಖನ ಅದರ ಫಲ.

ಕೆಲವು ದಿನಗಳ ಮೇಲೆ ಆಳಂದಿಗೆ ಹೋದೆ. ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಆಳಂದಿ ಪರಸ್ಥಳವಲ್ಲ. ಪಂಢರಪುರದ ವಿಠ್ಠಲನನ್ನು 'ಕಾನಡಾ' ಎಂದು, ಅಂದರೆ ನಮ್ಮವನೆಂದು, ತಮ್ಮ ಅಭಂಗದಲ್ಲಿ ಕರೆದವರು ಜ್ಞಾನೇಶ್ವರರು. 1296ರಲ್ಲಿ, ಕಾರ್ತಿಕ ವದ್ಯ ತ್ರಯೋದಶಿಯಂದು, ಇಂದ್ರಾಯಣಿಯ ದಂಡೆಯಲ್ಲಿ ಅವರು ಸಂಜೀವನ ಸಮಾಧಿ ಪಡೆದರೆಂಬುದು ವಾರಕರಿ ಸಂಪ್ರದಾಯದ ನಂಬಿಕೆ. ಆ ಪ್ರಸಂಗವನ್ನು ನಾಮದೇವರ ಹೆಸರಿನ ಅಭಂಗಗಳು ವಿಸ್ತಾರವಾಗಿ ವರ್ಣಿಸುತ್ತವೆ. ಅಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಜ್ಞಾನೇಶ್ವರರು ಒಬ್ಬರೇ ಹೋಗಿಬಿಡಲಿಲ್ಲ. ಅಣ್ಣನೂ ಗುರುವೂ ಆದ ನಿವೃತ್ತಿನಾಥರ ಅಪ್ಪಣೆ ಬೇಡಿದರು. ಸಂತಮೇಳವೆಲ್ಲ ಕೂಡಿತು. ತಂಗಿ ಮುಕ್ತಾಬಾಯಿ ಅತ್ತಳು, ತಮ್ಮ ಸೋಪಾನ ಅತ್ತ, ಅಪ್ಪಣೆ ಕೊಟ್ಟ ಗುರುವೂ ಅತ್ತ. ಕೊನೆಗೆ ಗುರುವೇ ದ್ವಾರಕ್ಕೆ ಶಿಲೆಯನ್ನಿಟ್ಟ. ಇದನ್ನು ಪವಾಡವೆಂದು ನಂಬುವವರು ನಂಬಲಿ, ರೂಪಕವೆಂದು ತಿಳಿಯುವವರು ತಿಳಿಯಲಿ. ಅದರ ಸುತ್ತ ಸಂಪ್ರದಾಯ ಕಟ್ಟಿದ ಬೇಲಿ ಯಾವುದೆಂಬುದು ಇಲ್ಲಿ ಮುಖ್ಯ.

ಅದೇ ಮನೆತನದಲ್ಲಿ ಅದಕ್ಕೂ ಮೊದಲು ಇನ್ನೊಂದು ಸಾವು ಸಂಭವಿಸಿತ್ತು. ಯಾತ್ರಿಕರು ಅದನ್ನು ಅಷ್ಟಾಗಿ ನೆನೆಯುವುದಿಲ್ಲ. ಜ್ಞಾನೇಶ್ವರರ ತಂದೆ ವಿಠ್ಠಲಪಂತರು ಸಂನ್ಯಾಸ ಸ್ವೀಕರಿಸಿ, ಗುರುವಿನ ಆಜ್ಞೆಯಂತೆ ಮರಳಿ ಗೃಹಸ್ಥಾಶ್ರಮಕ್ಕೆ ಬಂದವರು. ಆ 'ಅಪರಾಧ'ಕ್ಕಾಗಿ ಊರು ಅವರಿಗೆ ಬಹಿಷ್ಕಾರ ಹಾಕಿತು. ಮಕ್ಕಳಿಗೆ ಉಪನಯನವಿಲ್ಲವೆಂದಿತು. ಪ್ರಾಯಶ್ಚಿತ್ತವೇನೆಂದು ಕೇಳಿದಾಗ ದೇಹಾಂತವೇ ಪ್ರಾಯಶ್ಚಿತ್ತವೆಂದು ಶಾಸ್ತ್ರಿಗಳು ತೀರ್ಪಿತ್ತರು. ಮಕ್ಕಳಿಗಾದರೂ ಒಳ್ಳೆಯದಾಗಲೆಂದು ವಿಠ್ಠಲಪಂತ, ರುಕ್ಮಿಣಿಬಾಯಿ ಇಬ್ಬರೂ ನದಿಗೆ ದೇಹವನ್ನೊಪ್ಪಿಸಿದರೆಂದು ಪರಂಪರೆ ಹೇಳುತ್ತದೆ. ಅಷ್ಟಾದರೂ ಮಕ್ಕಳ ಕಷ್ಟ ತೀರಲಿಲ್ಲ. ಶುದ್ಧಿಪತ್ರಕ್ಕಾಗಿ ಆ ನಾಲ್ವರು ಅನಾಥರು ಪೈಠಣಕ್ಕೆ ನಡೆಯಬೇಕಾಯಿತು.

ತಂದೆತಾಯಿಯರ ಸಾವಿಗೂ ಮಗನ ಸಾವಿಗೂ ಹೆಚ್ಚು ವರ್ಷಗಳ ಅಂತರವಿಲ್ಲ. ಆದರೆ ಒಂದು, ಪ್ರೀತಿಸುವವರ ನಡುವೆ, ಅವರ ಅಪ್ಪಣೆ ಪಡೆದು ಸಂದದ್ದು. ಇನ್ನೊಂದು, ಪ್ರೀತಿಯಿಲ್ಲದ ಸಮಾಜ ವಿಧಿಸಿದ್ದು. ಎರಡನ್ನೂ 'ದೇಹತ್ಯಾಗ' ಎಂಬ ಒಂದೇ ಶಬ್ದದಲ್ಲಿ ಮುಚ್ಚಿಡುವುದು ಸಲ್ಲದು. ನಮ್ಮ ಸಭೆಯಲ್ಲಿ ಆಳಂದಿಯ ಮಾತೆತ್ತಿದ ಮಹನೀಯರಿಗೆ ನಾನು ವಿನಯದಿಂದ ಹೇಳಬೇಕಾದದ್ದು ಇಷ್ಟೇ: ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಸತ್ತ ಹುಡುಗನ ಸಾವಿಗೆ ಆಳಂದಿಯಲ್ಲಿ ಹೋಲಿಕೆ ಹುಡುಕುವುದಾದರೆ, ಸಮಾಧಿಯ ಕಡೆಗಲ್ಲ, ಆ ತಂದೆತಾಯಿಯರ ಕಡೆಗೆ ನೋಡಬೇಕು.

ಇನ್ನು ವಕೀಲ ಮಿತ್ರರ ಸಲ್ಲೇಖನದ ಪ್ರಶ್ನೆ. ಇದು ಕನ್ನಡಿಗರಾದ ನಮಗೆ ಹತ್ತಿರದ ವಿಷಯ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಸುಮಾರು ಕ್ರಿ. ಶ. 600ರಿಂದ ಮೊದಲುಗೊಂಡು, ವ್ರತದಿಂದ ದೇಹ ಬಿಟ್ಟವರ ಶಾಸನಗಳು ಬಂಡೆಯ ಮೈತುಂಬ ಹರಡಿವೆ. ಡಾ. ಷ. ಶೆಟ್ಟರ್ ಅವರು 1989 ಮತ್ತು 1990ರಲ್ಲಿ ಪ್ರಕಟಿಸಿದ 'ಇನ್ವೈಟಿಂಗ್ ಡೆತ್', 'ಪರ್ಸ್ಯೂಯಿಂಗ್ ಡೆತ್' ಎಂಬ ಎರಡು ಇಂಗ್ಲಿಷ್ ಗ್ರಂಥಗಳು ಈ ವಿಷಯದಲ್ಲಿ ಪ್ರಮಾಣಭೂತವಾದವು. ಸಲ್ಲೇಖನದ ಲಕ್ಷಣವನ್ನು ಹೇಳುವ ಪ್ರಸಿದ್ಧ ಗ್ರಂಥ ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ, ಇವು ಬಂದೊದಗಿದಾಗ ಮಾತ್ರ ಧರ್ಮಕ್ಕಾಗಿ ದೇಹವನ್ನು ಬಿಡಬಹುದೆಂದು ಅದರ ನಿಯಮ. 'ಪರಿಹಾರವಿಲ್ಲದ' ಎಂಬ ವಿಶೇಷಣವೇ ಅದರ ಕೀಲಿಕೈ.

ಇದೇ ಸಮಂತಭದ್ರರ ಜೀವನದಲ್ಲಿ ನಡೆದುದೆಂದು ಹೇಳುವ ಕಥೆಯೊಂದಿದೆ. ದೇವಚಂದ್ರನ 'ರಾಜಾವಳಿ ಕಥೆ'ಯಲ್ಲಿ ಅದನ್ನು ಕಾಣಬಹುದು. ಮುನಿಯಾಗಿದ್ದಾಗ ಅವರಿಗೆ ಭಸ್ಮಕವೆಂಬ ರೋಗ ತಗಲಿತು. ಎಷ್ಟು ಉಂಡರೂ ಹಸಿವು ಹಿಂಗದ ವ್ಯಾಧಿ. ಮುನಿವ್ರತದಲ್ಲಿದ್ದು ಅಷ್ಟು ಉಣ್ಣುವಂತಿಲ್ಲ, ಉಣ್ಣದೆ ತಾಳುವಂತಿಲ್ಲ. ಗುರುವಿನ ಬಳಿ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರು ಕೊಡಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಇದೆ; ಬೇಕಾದರೆ ಮುನಿವೇಷವನ್ನು ಬಿಡು, ಹೊಟ್ಟೆ ತುಂಬ ಉಣ್ಣು, ಗುಣವಾದ ಮೇಲೆ ಮರಳಿ ಬಂದು ದೀಕ್ಷೆ ತೆಗೆದುಕೋ ಎಂದು ಕಳುಹಿಸಿದ. ಸಮಂತಭದ್ರರು ವೇಷ ಬದಲಿಸಿದರು, ಶಿವಾಲಯದ ನೈವೇದ್ಯವನ್ನು ಉಂಡರು, ಗುಣಮುಖರಾಗಿ ಮರಳಿದರು. ಸಲ್ಲೇಖನದ ನಿಯಮವನ್ನು ಜಗತ್ತಿಗೆ ಕೊಟ್ಟವರಿಗೇ ಒಮ್ಮೆ ಸಲ್ಲೇಖನ ನಿರಾಕೃತವಾಗಿತ್ತು! ವ್ರತ ಕೆಟ್ಟರೂ ಚಿಂತೆಯಿಲ್ಲ, ಜೀವ ಉಳಿಯಲಿ ಎಂದ ಆ ಗುರುವನ್ನು ನಾವು ಎಷ್ಟು ಸ್ಮರಿಸಿದರೂ ಸಾಲದು.

ಇನ್ನೂ ಒಂದು ಸೂಕ್ಷ್ಮವಿದೆ. ಸಲ್ಲೇಖನಕ್ಕೆ ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, 'ತತ್ತ್ವಾರ್ಥಸೂತ್ರ' ಎಣಿಸುತ್ತದೆ. ಇನ್ನೂ ಬದುಕಬೇಕೆಂಬ ಆಸೆ ಒಂದು ದೋಷ. ಅದರ ಬೆನ್ನಿಗೇ 'ಮರಣಾಶಂಸೆ', ಬೇಗ ಸಾಯಬೇಕೆಂಬ ಆಸೆ, ಅದೂ ದೋಷ. ಸಾಯಲು ಬಯಸುವವನು ಸಲ್ಲೇಖನಕ್ಕೆ ಅರ್ಹನೇ ಅಲ್ಲ. ವಕೀಲರು ಕೇಳಿದ ಭೇದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ. ರಾಜಸ್ಥಾನದ ಉಚ್ಚ ನ್ಯಾಯಾಲಯ 2015ರ ಆಗಸ್ಟ್ 10ರಂದು ಸಂಥಾರ, ಅಂದರೆ ಸಲ್ಲೇಖನ, ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಆ ವಾದವಿವಾದದ ಕಾಲದಲ್ಲಿ ಮರಣಾಶಂಸೆಯ ಈ ಮಾತು ಸಾರ್ವಜನಿಕರ ಕಿವಿಗೆ ಇನ್ನಷ್ಟು ಬೀಳಬೇಕಿತ್ತು.

ಹಾಗೆಂದು ನಮ್ಮ ಶಾಸನಗಳೆಲ್ಲ ನಿಷ್ಕಳಂಕವೆಂದು ನಾನು ವಾದಿಸಲಾರೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳನ್ನು ಕಳೆದುಕೊಂಡ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳೆಂದು ಶಾಸನ ಕೊಂಡಾಡುತ್ತದೆ. ಆ ಕಲ್ಲಿನ ಮುಂದೆ ನಿಂತಾಗ ನನಗೆ ಪುಣ್ಯದ ಭಾವನೆ ಬರಲಿಲ್ಲ, ಹೊಟ್ಟೆ ಉರಿಯಿತು. ಅದು ವ್ರತವೋ, ಮಗಳ ದುಃಖವೋ? ಗುರುಗಳಲ್ಲಿ ಒಬ್ಬರಾದರೂ 'ತಾಯಿ, ಸ್ವಲ್ಪ ತಡೆ' ಎಂದರೋ ಇಲ್ಲವೋ, ಕಲ್ಲು ಹೇಳುವುದಿಲ್ಲ.

ಸಾಕ್ಷಿಗಳಿದ್ದ ಮಾತ್ರಕ್ಕೆ ಸಾವು ಧರ್ಮವಾಗುವುದಿಲ್ಲ ಎಂಬುದಕ್ಕೆ ಪುಣೆಯ ಮಗ್ಗುಲಲ್ಲೇ ಇನ್ನೊಂದು ನಿದರ್ಶನವಿದೆ. 1772ರ ನವೆಂಬರಿನಲ್ಲಿ ಪೇಶವೆ ಮಾಧವರಾಯರು ಥೇವೂರಿನಲ್ಲಿ ಕ್ಷಯದಿಂದ ತೀರಿಕೊಂಡಾಗ ಪತ್ನಿ ರಮಾಬಾಯಿ ಅಲ್ಲಿಯೇ ಸತಿ ಹೋದರು. ಅಷ್ಟವಿನಾಯಕದ ದರ್ಶನಕ್ಕೆ ಹೋಗುವ ನಮ್ಮಲ್ಲಿ ಅನೇಕರು ಆ ಸ್ಮಾರಕಕ್ಕೂ ಕೈಮುಗಿದು ಬರುತ್ತೇವೆ. ಅಂದು ಸಾಕ್ಷಿಗಳಿಗೇನು ಕೊರತೆ? ನಮ್ಮೂರುಗಳ ಮಾಸ್ತಿಕಲ್ಲುಗಳ ಮುಂದೆಯೂ, ಒಡೆಯನ ಹಿಂದೆ ಪ್ರಾಣ ಬಿಟ್ಟ ಗರುಡರ ಕಂಬಗಳ ಮುಂದೆಯೂ ಇದೇ ಪ್ರಶ್ನೆ ಏಳಬೇಕು. ಜನ ಸುತ್ತ ನೆರೆದಿದ್ದರೆ ಸಾಲದು. ಆ ಜನರಲ್ಲಿ ಒಬ್ಬನಾದರೂ 'ಬೇಡ' ಎನ್ನಬಲ್ಲವನಿರಬೇಕು. 'ಬೇಡ' ಎನ್ನುವ ಅಧಿಕಾರವಿಲ್ಲದ ಕಡೆ 'ಆಗಲಿ' ಎಂಬ ಅಪ್ಪಣೆಗೆ ಬೆಲೆಯಿಲ್ಲ.

ಶಾಸ್ತ್ರದ ಮಾತನ್ನಾಡಿದ ಹಿರಿಯರಿಗೂ ಒಂದು ನಿವೇದನೆ. ಆತ್ಮಘಾತಕರಿಗೆ ಕತ್ತಲೆಯ ಲೋಕವೆಂದು ಹೇಳುವ ಈಶಾವಾಸ್ಯದ ಮಂತ್ರವನ್ನು ನಮ್ಮವರು ಆಗಾಗ ಉದಾಹರಿಸುತ್ತಾರೆ. ಆದರೆ ಶಂಕರಾಚಾರ್ಯರ ಭಾಷ್ಯದಲ್ಲಿ ಆ ಶಬ್ದಕ್ಕೆ ಅರ್ಥ ಬೇರೆ. ಆತ್ಮವನ್ನು ಅರಿಯದೆ ಬದುಕುವ ಅಜ್ಞಾನಿಗಳೆಲ್ಲರೂ ಅಲ್ಲಿ ಆತ್ಮಘಾತಕರೇ. ಹಾಗಾದರೆ ಆ ಮಂತ್ರದ ಬೆರಳು ಸತ್ತವನ ಕಡೆಗಿಂತ ಬದುಕಿರುವ ನಮ್ಮ ಕಡೆಗೇ ಹೆಚ್ಚು ತೋರಿಸುತ್ತದೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ 1930ರಿಂದ 1962ರವರೆಗೆ ಪ್ರಕಟಿಸಿದ ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸವನ್ನು ತೆರೆದರೆ, ಶಾಸ್ತ್ರಕಾರರಲ್ಲಿ ಏಕಾಭಿಪ್ರಾಯ ಇರಲಿಲ್ಲವೆಂಬುದು ತಿಳಿಯುತ್ತದೆ. ಸಾಮಾನ್ಯವಾಗಿ ಆತ್ಮಹತ್ಯೆಯನ್ನು ಖಂಡಿಸಿದವರೇ ಪ್ರಯಾಗದಲ್ಲಿ, ಮಹಾಪ್ರಸ್ಥಾನದಲ್ಲಿ, ತೀರ ವೃದ್ಧರಿಗೆ, ಅಪವಾದಗಳನ್ನು ಒಪ್ಪಿದ್ದರು. ಅನಂತರದ ನಿಬಂಧಕಾರರು ಇಂಥವುಗಳಲ್ಲಿ ಹಲವನ್ನು ಕಲಿವರ್ಜ್ಯವೆಂದು, ಈ ಯುಗಕ್ಕೆ ಸಲ್ಲದೆಂದು, ಕೈಬಿಟ್ಟರು. ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವ ವಿವೇಕವೂ ನಮ್ಮ ಪರಂಪರೆಯಲ್ಲಿತ್ತು. ಬದುಕು ದೇವರಿಟ್ಟ ಅಮಾನತ್ತು ಎನ್ನುವ ಇಸ್ಲಾಮು, ದೇವರ ದಾನವೆನ್ನುವ ಕ್ರೈಸ್ತಮತ, ಮಾನವಜನ್ಮವನ್ನು ಹಾಳುಮಾಡಬೇಡಿರೆಂದು ಹಾಡಿದ ನಮ್ಮ ದಾಸರು, ಇವರೆಲ್ಲ ಕೊನೆಗೆ ಹೇಳುವುದು ಒಂದೇ: ಈ ಜೀವ ನಿನ್ನೊಬ್ಬನದಲ್ಲ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲಿ ಆತ್ಮಹತ್ಯೆಯ ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ಬೇರೊಂದು ದಾರಿಯಿಂದ ಕಂಡ. ಸಮಾಜದ ಕಟ್ಟು ತೀರ ಸಡಿಲವಾದಲ್ಲಿ ಮನುಷ್ಯ ಸಾಯುತ್ತಾನೆ. ತೀರ ಬಿಗಿಯಾದಲ್ಲಿಯೂ ಸಾಯುತ್ತಾನೆ. ವಿಠ್ಠಲಪಂತರೂ ರಮಾಬಾಯಿಯೂ ಬಿಗಿದ ಕಟ್ಟಿಗೆ ಬಲಿಯಾದವರು. ವಾಕಡದ ಹುಡುಗನನ್ನು ಹಿಡಿದಿಡಲು ಕಟ್ಟೇ ಇರಲಿಲ್ಲವೆಂದು ನನ್ನ ಊಹೆ.

ಈ ವಿಚಾರ ಮಾಡುವಾಗ ಮಹಾರಾಷ್ಟ್ರದ ಇಬ್ಬರು ಪೂಜ್ಯರು ಕಣ್ಣೆದುರಿಗೆ ಬರುತ್ತಾರೆ. 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿಯವರು ಪಂಢರಪುರದ ವಿಠ್ಠಲ ಮಂದಿರದ ಬಾಗಿಲು ಹರಿಜನರಿಗೆ ತೆರೆಯಬೇಕೆಂದು ಆಮರಣ ಉಪವಾಸ ಕೈಗೊಂಡರು. ಅದು ಎಲ್ಲರ ಕಣ್ಣೆದುರಿನ ಉಪವಾಸ. ಬೇಡಿಕೆ ಇತ್ತು, ಉತ್ತರ ಕೊಡುವವರಿದ್ದರು, ಬಾಗಿಲು ತೆರೆಯಿತು, ಗುರೂಜಿ ಬದುಕಿದರು. ಮೂರೇ ವರ್ಷಗಳ ಮೇಲೆ, 1950ರ ಜೂನ್ 11ರಂದು, ಅದೇ ಗುರೂಜಿ ತಮ್ಮ ಕೈಯಿಂದಲೇ ಬದುಕನ್ನು ಕೊನೆಗಾಣಿಸಿಕೊಂಡರು. 'ಶ್ಯಾಮಚೀ ಆಯೀ' ಬರೆದು ಲಕ್ಷಾಂತರ ಮಕ್ಕಳಿಗೆ ತಾಯಿಯ ಅಕ್ಕರೆಯನ್ನು ಹಂಚಿದವರಿಗೆ ಆ ರಾತ್ರಿ ಯಾರ ಕೈಯೂ ಹತ್ತಿರವಿರಲಿಲ್ಲ. ಅವರ ಒಳಗಿನ ನೋವನ್ನು ಅಳೆಯಲು ನಾನು ಯಾರು? ಇಷ್ಟು ಮಾತ್ರ ನಿಜ: ಸಂಸ್ಕಾರದ ಕೊರತೆಯಿಂದ ಆತ್ಮಹತ್ಯೆಯಾಗುತ್ತದೆ ಎನ್ನುವವರ ಬಾಯಿಯನ್ನು ಸಾನೆ ಗುರೂಜಿಯವರ ಹೆಸರೊಂದೇ ಮುಚ್ಚಿಸಬಲ್ಲದು. ಇನ್ನೊಬ್ಬರು ವಿನೋಬಾ ಭಾವೆಯವರು. 1982ರ ನವೆಂಬರಿನಲ್ಲಿ, ಎಂಬತ್ತೇಳು ವರ್ಷದ ಆ ವೃದ್ಧರು ಹೃದಯಾಘಾತದ ತರುವಾಯ ಅನ್ನ, ನೀರು, ಔಷಧಗಳನ್ನು ನಿರಾಕರಿಸಿ ಪವನಾರದ ಆಶ್ರಮದಲ್ಲಿ ತಮ್ಮವರ ನಡುವೆ ಕಣ್ಣುಮುಚ್ಚಿದರು. ಒಂದನ್ನು ಸಾವು ಎಂದು ಒಪ್ಪಿಕೊಳ್ಳಬಹುದು. ಇನ್ನೊಂದನ್ನು ನಷ್ಟವೆಂದು ದುಃಖಿಸಬೇಕು. ಎರಡನ್ನೂ ತೂಗುವ ತಕ್ಕಡಿ ಪಾಪಪುಣ್ಯದ್ದಲ್ಲ.

ಕಾನೂನು ಕೂಡ ನಿಧಾನವಾಗಿ ಈ ವಿವೇಕದ ಕಡೆಗೆ ಬಂದಿದೆ. 1860ರ ದಂಡಸಂಹಿತೆಯ 309ನೆಯ ಕಲಮು ಸಾಯಲು ಹೋಗಿ ಬದುಕುಳಿದವನಿಗೆ ಸೆರೆಮನೆಯನ್ನು ತೋರಿಸುತ್ತಿತ್ತು. 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು. 1996ರಲ್ಲಿ ಗ್ಯಾನ್ ಕೌರ್ ಮೊಕದ್ದಮೆಯಲ್ಲಿ ಸಂವಿಧಾನ ಪೀಠ ಮರಳಿ ಎತ್ತಿಹಿಡಿಯಿತು. 2017ರ ಮಾನಸಿಕ ಆರೋಗ್ಯ ಕಾಯದೆ, ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಸರಕಾರ ಆರೈಕೆ ಒದಗಿಸಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಅಧಿಕಾರಿಯನ್ನು ಮಣಿಸಲು ಆತ್ಮಹತ್ಯೆಗೆ ಯತ್ನಿಸುವುದು ಮಾತ್ರ ಅಪರಾಧವಾಗಿ ಉಳಿದಿದೆ. ಸೆರೆಮನೆ ಹೋಯಿತು, ಆರೈಕೆ ಬಂದಿತು. ಶಾಸ್ತ್ರದ ಹೆಸರಿನಲ್ಲಿ ನಾವು ಮಾತ್ರ ಇನ್ನೂ ಶಿಕ್ಷೆ ವಿಧಿಸುತ್ತ ಕುಳಿತಿದ್ದೇವೆ.

ಸಾವಿನ ಹಕ್ಕಿನ ಚರ್ಚೆಗೆ ಈ ದೇಶದಲ್ಲಿ ದಾರಿ ಮಾಡಿಕೊಟ್ಟವಳೂ ನಮ್ಮ ನೆಲದಿಂದ ಹೊರನಾಡಿಗೆ ಬಂದ ಹೆಣ್ಣುಮಗಳೇ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ, 1973ರ ನವೆಂಬರಿನಲ್ಲಿ ಘೋರ ಅತ್ಯಾಚಾರಕ್ಕೆ ಗುರಿಯಾಗಿ ಪ್ರಜ್ಞೆ ಕಳೆದುಕೊಂಡಳು. 2015ರ ಮೇ 18ರವರೆಗೆ, ನಲವತ್ತೊಂದು ವರ್ಷಕ್ಕೂ ಮಿಕ್ಕು, ಅದೇ ಆಸ್ಪತ್ರೆಯ ದಾದಿಯರು ಅವಳನ್ನು ಸಾಕಿದರು. ಅವಳಿಗೆ ಮರಣವನ್ನು ಅನುಮತಿಸಬೇಕೆಂಬ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಅವಳ ಪರವಾಗಿ ಮಾತಾಡುವ ಹಕ್ಕು ದಿನವೂ ಉಣಿಸಿ ತೊಳೆದ ಆಸ್ಪತ್ರೆಯ ಸಿಬ್ಬಂದಿಯದೆಂದು ಸಾರಿತು. ಅದೇ ತೀರ್ಪಿನಲ್ಲಿ, ಗುಣವಾಗದವರ ಕೃತಕ ಜೀವಾಧಾರವನ್ನು ಕಟ್ಟುನಿಟ್ಟಿನ ಕ್ರಮದಿಂದ ತೆಗೆಯಬಹುದೆಂದೂ ಒಪ್ಪಿತು. 2018ರ ಮಾರ್ಚ್ 9ರ ತೀರ್ಪು ಘನತೆಯ ಮರಣವನ್ನು ಮೂಲಭೂತ ಹಕ್ಕಿನ ಭಾಗವೆಂದು ಗುರುತಿಸಿತು. 2023ರಲ್ಲಿ ಅದರ ಕ್ರಮಗಳನ್ನು ಸರಳಗೊಳಿಸಲಾಯಿತು. 2025ರ ಜನವರಿ ಕೊನೆಗೆ ಕರ್ನಾಟಕ ಸರಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ರೋಗಿ ಮೊದಲೇ ಬರೆದಿಟ್ಟ ಇಚ್ಛಾಪತ್ರ, ಮನೆಯವರ ಒಪ್ಪಿಗೆ, ವೈದ್ಯರ ಎರಡು ಮಂಡಳಿಗಳು, ಇವೆಲ್ಲ ಹಳೆಯ ಅಪ್ಪಣೆಯ ಹೊಸ ರೂಪಗಳೇ ಅಲ್ಲವೇ?

ನನ್ನ ತಾಯಿ 2019ರಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಎರಡು ಬಾರಿ ಐ. ಸಿ. ಯು.ದಲ್ಲಿ ಮಲಗಿ ಬಂದಿದ್ದಳು. ಮೂರನೆಯ ಬಾರಿ ಉಸಿರು ಕಟ್ಟಿದಾಗ, "ಸಾಕಪ್ಪಾ, ಇನ್ನ ನನ್ನ ಕಳಿಸಿಕೊಡ್ರಿ" ಎಂದಳು. ನಾವು ಮೂವರು ಮಕ್ಕಳು ಒಂದು ರಾತ್ರಿಯೆಲ್ಲ ಕುಳಿತು ಯೋಚಿಸಿದೆವು. ತಮ್ಮ 'ಬೇಡ' ಎಂದ, ತಂಗಿ ಅತ್ತಳು, ವೈದ್ಯರನ್ನು ಮತ್ತೆ ಮತ್ತೆ ಕೇಳಿದೆವು. ಬೆಳಗಿನ ಹೊತ್ತಿಗೆ ಮೂವರೂ ಒಂದು ಮಾತಿಗೆ ಬಂದೆವು. ಹನ್ನೊಂದು ದಿನ ಅವಳು ಮನೆಯಲ್ಲೇ ಇದ್ದಳು. ನೋವು ಶಮನದ ಔಷಧ ನಡೆದೇ ಇತ್ತು. ಮೊಮ್ಮಕ್ಕಳ ಹೆಸರು ಹಿಡಿದು ಕರೆದಳು, ಸಾರು ಬಾಯಿಗೆ ಹಚ್ಚಿಸಿಕೊಂಡಳು, ಹೋದಳು. ಶರಣರನ್ನು ಮರಣದಲ್ಲಿ ನೋಡು ಎಂಬ ಗಾದೆಯ ಅರ್ಥ ನನಗೆ ಅಂದು ತಿಳಿಯಿತು. ಆ 'ಕಳಿಸಿಕೊಡ್ರಿ' ಎಂಬ ಶಬ್ದದಲ್ಲಿ ಕಳಿಸುವವರು ಇದ್ದಾರೆ. ವಾಕಡದ ಹುಡುಗನನ್ನು ಯಾರೂ ಕಳಿಸಿಕೊಡಲಿಲ್ಲ. ಯಾರೂ ತಡೆಯಲೂ ಇಲ್ಲ.

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924. ಅದರಲ್ಲಿ ಮಹಾರಾಷ್ಟ್ರದವರು 22,746. ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಕರ್ನಾಟಕದವರು 13,606. ನಾವು ಹುಟ್ಟಿದ ನಾಡು, ನೆಲೆಸಿದ ನಾಡು, ಎರಡನ್ನೂ ಕೂಡಿಸಿದರೆ ದೇಶದ ಒಟ್ಟು ಸಂಖ್ಯೆಯ ಐದನೆಯ ಒಂದು ಭಾಗಕ್ಕೂ ಮಿಕ್ಕುತ್ತದೆ. ಗಡಿಯ ಹಳ್ಳಿಗಳಿಗಾಗಿ ನಾವು ಠರಾವುಗಳನ್ನು ಪಾಸು ಮಾಡಿದ್ದೇವೆ, ಮಾಡಬೇಕಾದದ್ದೇ. ಗಡಿಯ ಎರಡೂ ಬದಿಗಳಲ್ಲಿ ಸಮವಾಗಿ ಹಬ್ಬಿರುವ ಈ ದುಃಖದ ಬಗ್ಗೆ ನಮ್ಮ ಸಂಘಗಳು ಒಂದು ಠರಾವನ್ನಾದರೂ ಮಾಡಿವೆಯೇ?

ಹೊರನಾಡ ಕನ್ನಡಿಗರಾದ ನಾವು ಸಂಘ ಕಟ್ಟಿದ್ದು ಏತಕ್ಕೆ? ನಾಟಕಕ್ಕೆ, ರಾಜ್ಯೋತ್ಸವಕ್ಕೆ, ಗಣೇಶನಿಗೆ, ಹೌದು. ಆದರೆ ಮೊದಲ ತಲೆಮಾರಿನವರು ಕಟ್ಟಿದ್ದು, ಪರವೂರಿನಲ್ಲಿ ಕಷ್ಟಕ್ಕೆ ಒಬ್ಬರಾದರೂ ಇರಲೆಂದು. ಇಂದು ರೇಲ್ವೆ ನಿಲ್ದಾಣದಲ್ಲಿ ಇಳಿಯುವ ಹುಡುಗನ ಬಳಿ ನೌಕರಿಯ ಪತ್ರವಿದೆ, ಫೋನಿದೆ, ನಕ್ಷೆಯಿದೆ. ಅವನಿಗೆ ನಮ್ಮ ಅಗತ್ಯವಿಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟೆವು. ನಾನು ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸೂಚನೆಗಳನ್ನು ಇಟ್ಟಿದ್ದೇನೆ. ಒಂದು, ಪ್ರತಿದಿನ ಸಂಜೆ ಎರಡು ತಾಸು ಸಂಘದ ಕಚೇರಿಯಲ್ಲಿ ಇಬ್ಬರು ಹಿರಿಯರು ಬರಿದೆ ಕುಳಿತಿರಬೇಕು. ಬಂದವರ ಮಾತು ಕೇಳುವುದೇ ಅವರ ಕೆಲಸ, ಉಪದೇಶವಲ್ಲ. ಎರಡು, ಹೊಸದಾಗಿ ಊರಿಗೆ ಬಂದ ತರುಣ ತರುಣಿಯರನ್ನು ಹಬ್ಬದ ದಿನ ಒಂದೊಂದು ಮನೆಯವರು ಊಟಕ್ಕೆ ಕರೆಯಬೇಕು. ದೀಪಾವಳಿಯಂದು ಯಾರೂ ಒಂಟಿಯಾಗಿ ಉಳಿಯಬಾರದು. ಮೂರು, ಈ ತ್ರೈಮಾಸಿಕದ ಪ್ರತಿ ಸಂಚಿಕೆಯ ರಕ್ಷಾಪುಟದ ಮೇಲೆ 14416 ಎಂಬ ಸಂಖ್ಯೆಯನ್ನು ಅಚ್ಚು ಹಾಕಬೇಕು. ಅದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮಾರ್ಗದರ್ಶಕ ಸಂಸ್ಥೆ. ಹಗಲು ರಾತ್ರಿ, ಖರ್ಚಿಲ್ಲದೆ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡಬಹುದು. ಮನಸ್ಸಿಗೆ ತೀರ ಕಷ್ಟವಾದಾಗ ವೈದ್ಯರ ಬಳಿ ಹೋಗುವುದು ಜ್ವರಕ್ಕೆ ಹೋದಷ್ಟೇ ಸಹಜವೆಂದು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಆಡಬೇಕು. ಹಾಗೆಯೇ, ಮುಪ್ಪಿನ ಕೊನೆಯ ದಿನಗಳ ಮಾತನ್ನೂ ಅಪಶಕುನವೆಂದು ಮುಚ್ಚಿಡದೆ ಮಕ್ಕಳೊಡನೆ ಕುಳಿತು ಆಡಿಬಿಡಬೇಕು. ಪುಣೆಯ ವಾರಜೆಯಲ್ಲಿ 1997ರಿಂದಲೇ ಕ್ಯಾನ್ಸರ್ ರೋಗಿಗಳ ನೋವು ಶಮನದ ಆರೈಕೆಗೆ ಮೀಸಲಾದ ಕೇಂದ್ರವಿದೆ.

ಸಮಂತಭದ್ರರಿಗೆ ಒಬ್ಬ ಗುರುವಿದ್ದ. ಅವರು ಹೋಗಿ ಕೇಳಿದರು, ಅವನು ಮನೆಯಲ್ಲಿದ್ದ, 'ಬೇಡ' ಎಂದ. ಇಷ್ಟು ಸರಳವಾದ ಮಾತು. ಎಲ್ಲರಿಗೂ ಅಂಥ ಗುರು ಸಿಗಲಾರ. ಆದರೆ 'ರವಿವಾರ ಬಾ' ಎನ್ನದೆ 'ಈಗಲೇ ಕೂಡು, ಹೇಳು' ಎನ್ನುವ ಒಬ್ಬ ಕಾಕಾ, ಒಬ್ಬ ಅಕ್ಕ, ಒಬ್ಬ ನೆರೆಯವನು ಸಿಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಸಮಿತಿ ನನ್ನ ಮೊದಲ ಸೂಚನೆಯನ್ನು ಒಪ್ಪಿದೆ. ಗುರುವಾರದ ಪಾಳಿ ನನ್ನದು. ಸಂಜೆ ಆರರಿಂದ ಎಂಟರವರೆಗೆ ಬಾಗಿಲು ತೆರೆದಿರುತ್ತದೆ. ಚಹದ ವ್ಯವಸ್ಥೆಯೂ ಇದೆ. ಓದುಗರಲ್ಲಿ ಯಾರಿಗಾದರೂ ಇನ್ನುಳಿದ ದಿನಗಳ ಪಾಳಿಗೆ ಬರುವ ಮನಸ್ಸಿದ್ದರೆ ದಯವಿಟ್ಟು ಹೆಸರು ಕೊಡಿರಿ.